ಹನ್ನೊಂದು ಒತ್ತಿನ ಪತ್ರ

ಸತ್ತವರು ಪತ್ರ ಬರೆಯುವುದಿಲ್ಲ. ಆದರೆ ಸಾಯುವ ಮುಂಚೆಯೇ ಬರೆದಿಟ್ಟು, ಇಂಥ ವರ್ಷ ಇಂಥ ದಿನ ಇಷ್ಟು ಗಂಟೆಗೆ ಮುಟ್ಟಿಸಿರಿ ಎಂದು ಹೇಳಿಹೋದರೆ? ಆಗ ಅದನ್ನು ಜೋಪಾನವಾಗಿ ಇಟ್ಟುಕೊಂಡು ಕಾಯುವವರೊಬ್ಬರು ಬೇಕಾಗುತ್ತದೆ. ಗದಗದಿಂದ ಹದಿನಾಲ್ಕು ಕಿಲೋಮೀಟರು ಆಚೆ, ನಾಗರಗುಡ್ಡದ ಬುಡದಲ್ಲಿದ್ದ ದೂರಂಚೆ ಕೇಂದ್ರದಲ್ಲಿ ಹಾಗೆ ಕಾಯುತ್ತಿದ್ದವನ ಹೆಸರು ಅಂಚೆಪ್ಪ. ಅಂಚೆಪ್ಪ ಮನುಷ್ಯನಲ್ಲ, ಒಂದು ತಂತ್ರಾಂಶ. ಬಾಹ್ಯಾಕಾಶಕ್ಕೆ ಹೋದ ನೌಕೆಗಳಿಂದ ಬಂದ ಪತ್ರಗಳನ್ನು ಹಿಡಿದು ಮನೆಮನೆಗೆ ಹಂಚುವುದು ಅವನ ಕೆಲಸ. ಅವನಿಗೆ ಜ್ವರ ಬಂದರೆ ಮದ್ದು ಹಾಕುವ, ಸಿಟ್ಟು ಬಂದರೆ ಸಮಾಧಾನ ಮಾಡುವ ಮನುಷ್ಯ ಮೌನೇಶ ಬಡಿಗೇರ. ವಯಸ್ಸು ಐವತ್ತೊಂದು, ಹೆಸರಿಗೆ ತಕ್ಕ ಹಾಗೆ ಮಾತು ಕಡಿಮೆ.

ಅಂಚೆಪ್ಪನ ಬಳಿ ಎರಡು ಬಗೆಯ ಪತ್ರಗಳಿದ್ದವು. ಬಂದ ಕೂಡಲೇ ಹಂಚುವಂಥವು ಒಂದು ಬಗೆ. ಇನ್ನೊಂದು, ಬರೆದವರು ಹೇಳಿದ ದಿನ ಬರುವವರೆಗೆ ಬಾಯಿ ಮುಚ್ಚಿಕೊಂಡು ಕೂರುವ ಪತ್ರಗಳು. ಇವಕ್ಕೆ ಕಟ್ಟುನಿಟ್ಟಿನ ಒಂದು ನಿಯಮ ಇತ್ತು. ಹಿಂದೊಮ್ಮೆ ಬೇರೆಲ್ಲೋ ಯಾರೋ ಸತ್ತವರ ಪತ್ರಗಳನ್ನು ನಕಲು ಮಾಡಿ ಓದಿ ದೊಡ್ಡ ರಾದ್ಧಾಂತವಾದ ಮೇಲೆ ಬಂದ ನಿಯಮ ಅದು. ಮುಚ್ಚಿದ ಪತ್ರ ಜಗತ್ತಿನಲ್ಲಿ ಒಂದೇ ಕಡೆ, ಒಂದೇ ಪ್ರತಿ ಇರಬೇಕು. ಯಾರಿಗೆ ಬರೆದದ್ದು ಎಂಬುದೂ ಆ ದಿನದವರೆಗೆ ಯಾರಿಗೂ ಕಾಣಕೂಡದು, ಅಂಚೆಪ್ಪನನ್ನು ಸಾಕಿದ ಮೌನೇಶನಿಗೂ.

ಈಗ ತೊಂದರೆ ಬಂದದ್ದು ಅಂಚೆಪ್ಪನಿಗಲ್ಲ, ಅವನು ಕೂತಿದ್ದ ಮನೆಗೆ. ಅಂಚೆಪ್ಪ ಓಡುತ್ತಿದ್ದ ಆಪರೇಟಿಂಗ್ ಸಿಸ್ಟಮ್ ಬಹಳ ಹಳೆಯದು. ಕೇಂದ್ರದಲ್ಲಿ ಎಲ್ಲರೂ ಅದನ್ನು ಮುದುಕ ಎಂದೇ ಕರೆಯುತ್ತಿದ್ದರು. ಮುದುಕ ಕಾಲವನ್ನು ಸೆಕೆಂಡುಗಳಲ್ಲಿ ಎಣಿಸುತ್ತಿದ್ದ, ಎಣಿಸಿದ್ದನ್ನು ಒಂದೇ ಅಳತೆಯ ಗಡಿಗೆಯಲ್ಲಿ ಹಾಕಿಡುತ್ತಿದ್ದ. ಬರುವ ಮಾಘ ಮಾಸಕ್ಕೆ ಆ ಗಡಿಗೆ ತುಂಬುತ್ತಿತ್ತು. ತುಂಬಿದ ಮರುಕ್ಷಣ ಎಣಿಕೆ ಮತ್ತೆ ಸೊನ್ನೆಗೆ ಬಂದು, ಮುದುಕನ ಪಾಲಿಗೆ ಕಾಲ ನೂರಾ ಮೂವತ್ತಾರು ವರ್ಷ ಹಿಂದಕ್ಕೆ ಹೋಗುತ್ತಿತ್ತು. ಕಾಯುತ್ತಿದ್ದ ಪತ್ರಗಳೆಲ್ಲ ಇನ್ನೂ ನೂರಾ ಮೂವತ್ತಾರು ವರ್ಷ ಕಾಯಬೇಕಾಗುತ್ತಿತ್ತು. ಅಷ್ಟರಲ್ಲಿ ಓದುವವರೂ ಇರುವುದಿಲ್ಲ.

ಅದಕ್ಕಾಗಿ ಅಂಚೆಪ್ಪನನ್ನು ಹೊಸ ಮನೆಗೆ ಸಾಗಿಸಬೇಕಿತ್ತು. ಹೊಸ ಮನೆಯ ಹೆಸರು ಮಗ್ಗ. ಬುಡದಿಂದ ತುದಿಯವರೆಗೆ ಕನ್ನಡದಲ್ಲೇ ಕಟ್ಟಿದ ಆಪರೇಟಿಂಗ್ ಸಿಸ್ಟಮ್ ಅದು. ಪ್ರಶ್ನೆ ಕನ್ನಡದಲ್ಲಿ ಕೇಳುತ್ತಿತ್ತು, ಬೈಗುಳವನ್ನೂ ಕನ್ನಡದಲ್ಲೇ ಬೈಯುತ್ತಿತ್ತು. ಕೆಲಸವನ್ನು ಮೌನೇಶ ತಾನೇ ಕೇಳಿ ಹಾಕಿಸಿಕೊಂಡ. ಕಂಟ್ರೋಲ್ ರೂಮಿನ ಮುಖ್ಯಸ್ಥರಾದ ದಾವಲಸಾಬ ನದಾಫರು ಹರೆಯದವರು ಯಾರಾದರೂ ಮಾಡಲಿ, ನಿನಗೆ ಕಣ್ಣು ಮಂಜಾಗಿದೆ ಎಂದರೂ ಅವನು ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಎಂಬುದು ನದಾಫರಿಗೂ ಗೊತ್ತಿತ್ತು, ಅದಕ್ಕೇ ಅವರು ಹೆಚ್ಚು ಒತ್ತಾಯ ಮಾಡಲಿಲ್ಲ. ಕಾಯುತ್ತಿದ್ದ ಆರುನೂರಾ ನಾಲ್ಕು ಪತ್ರಗಳಲ್ಲಿ ಎಂಟು ಮೌನೇಶನ ಹೆಂಡತಿ ಕಸ್ತೂರಿ ಬರೆದವು. ಮಗಳು ಹವಳಾಗೆ ಬರೆದವು.

ಕಸ್ತೂರಿ ‘ಸಂಪಿಗೆ’ ಎಂಬ ನೌಕೆಯಲ್ಲಿ ಗಾಳಿ ಶುದ್ಧಿ ಮಾಡುವ ಯಂತ್ರಗಳ ಎಂಜಿನಿಯರಳಾಗಿ ಶನಿಗ್ರಹದ ಕಡೆಗೆ ಹೊರಟಾಗ ಹವಳಾಗೆ ನಾಲ್ಕು ವರ್ಷ. ಆರು ವರ್ಷದ ಪ್ರಯಾಣ, ಮಗಳಿಗೆ ಹತ್ತು ತುಂಬುವಷ್ಟರಲ್ಲಿ ತಿರುಗಿ ಬರುವುದೆಂದು ಲೆಕ್ಕ. ಮಾತಾಡಿದರೆ ಉತ್ತರ ಬರಲು ಎರಡು ಗಂಟೆ ಹಿಡಿಯುವಷ್ಟು ದೂರ ಹೋದ ಮೇಲೆ ಫೋನು ಪಾನು ಎಲ್ಲ ನಿಂತು ಪತ್ರವೊಂದೇ ಉಳಿಯಿತು. ದಿನಾ ಒಂದು ಪತ್ರ ಬರುತ್ತಿತ್ತು. ಮೌನೇಶ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಸರಿಯಾಗಿ, ಮಧ್ಯಾಹ್ನ ಒಂದೂ ನಲವತ್ತಕ್ಕೆ ಮುಟ್ಟಿಸು ಎಂದು ಅವಳು ಅಂಚೆಪ್ಪನಿಗೆ ಅಪ್ಪಣೆ ಮಾಡಿದ್ದಳು.

ನೌಕೆಯಲ್ಲಿ ಹತ್ತು ದೇಶದ ಜನ, ಕೀಲಿಮಣೆ ಇಂಗ್ಲಿಷಿನದು. ಅದರಲ್ಲಿ ಕನ್ನಡ ಬರೆಯುವಾಗ ಚಿಕ್ಕಕ್ಷರ ಒತ್ತಿದರೆ ತ, ದೊಡ್ಡಕ್ಷರದ ಕೀಲಿ ಹಿಡಿದು ಅದನ್ನೇ ಒತ್ತಿದರೆ ಟ. ಹಾಗೆಯೇ ದ ಮತ್ತು ಡ, ನ ಮತ್ತು ಣ, ಲ ಮತ್ತು ಳ. ಎರಡನೆಯ ವರ್ಷ ಕಸ್ತೂರಿಯ ಕೀಲಿಮಣೆಯಲ್ಲಿ ಆ ದೊಡ್ಡಕ್ಷರದ ಕೀಲಿ ಮುರಿದುಬಿತ್ತು. ಶನಿಯ ದಾರಿಯಲ್ಲಿ ರಿಪೇರಿ ಅಂಗಡಿ ಎಲ್ಲಿಂದ ಬರಬೇಕು? ಅವತ್ತಿನಿಂದ ಅವಳ ಪತ್ರಗಳಲ್ಲಿ ಟ, ಡ, ಣ, ಳ ಸತ್ತುಹೋದವು. ಕೇಳುವ ಚಿಹ್ನೆಗೆ ಬೇರೆಯೇ ಕೀಲಿ ಇದ್ದದ್ದರಿಂದ ಅದೊಂದು ಉಳಿಯಿತು. ‘ಊಟ ಆತ್ರಿ?’ ಎಂದು ಶುರುವಾಗುತ್ತಿದ್ದ ಪತ್ರ ‘ಊತ ಆತ್ರಿ?’ ಎಂದು ಶುರುವಾಗತೊಡಗಿತು. ‘ಹವಲಾನ ಹೊತ್ತಿ ನೋವು ಕದಿಮಿ ಆತಿಲ್ಲೊ? ಮಾತ್ರಿ ಕೊತ್ತೀರಿಲ್ಲೊ?’

ಮೊದಲ ಸಲ ಓದಿದಾಗ ಮೌನೇಶ ಕೇಂದ್ರದ ಊಟದ ಕೋಣೆಯಲ್ಲಿ ಒಬ್ಬನೇ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದ. ಮನೆಯಲ್ಲಿ ಅದೇ ಭಾಷೆಯಾಗಿಹೋಯಿತು. ಬೆಟಗೇರಿಯ ಅವರ ಓಣಿಯಲ್ಲಿ ಹವಳಾ ಬಾಗಿಲಲ್ಲಿ ನಿಂತು, ಅಪ್ಪಾ ಊತ ಆತ, ಎಂದು ಕೂಗಿದ್ದನ್ನು ಕೇಳಿ ಪಕ್ಕದ ಮನೆಯ ಬಸಕ್ಕ ಯಾರಿಗೆ ಊತ ಬಂತೋ ಎಂದು ಗಾಬರಿಯಾಗಿ ಅರಿಸಿನ ಅರೆದುಕೊಂಡು ಬಂದಿದ್ದಳು. ಶಾಲೆಯಲ್ಲಿ ಗೆಳತಿಯರು ಹವಲಾ ಎಂಬ ಹೆಸರನ್ನು ಹವಾಲಾ ಮಾಡಿ ಕಾಡಿಸಿದರು. ಹುಡುಗಿ ಅತ್ತುಕೊಂಡು ಬರಲಿಲ್ಲ. ಅವ್ವ ಅಷ್ಟು ದೂರದಿಂದ ಕರೆದರೆ ಹೆಸರು ಸವೆಯದೆ ಇರುತ್ತದೆಯೇ ಎಂದು ಅವರನ್ನೇ ಕೇಳಿದಳು.

ನಾಲ್ಕನೆಯ ವರ್ಷ ಕಡಲೆಯಷ್ಟು ದೊಡ್ಡ ಕಲ್ಲೊಂದು ಸಂಪಿಗೆಯ ಗಾಳಿಯ ತೊಟ್ಟಿಯನ್ನು ತೂತು ಮಾಡಿತು. ಉಳಿದದ್ದು ಐದು ವಾರದ ಗಾಳಿ. ಯಾರೂ ಹೋಗಿ ಮುಟ್ಟುವ ದೂರವಲ್ಲ. ಒಳಗಿದ್ದ ಮೂವತ್ತೊಂದು ಜನ ಐದು ವಾರ ಪತ್ರ ಬರೆದರು.

ಆ ವರ್ಷ ಹವಳಾಳ ಎಂಟನೆಯ ಹುಟ್ಟುಹಬ್ಬಕ್ಕೆ, ಅವಳು ಹುಟ್ಟಿದ ಗಳಿಗೆಗೇ, ಮೊದಲ ಪತ್ರ ಬಂತು. ಇಪ್ಪತ್ತೈದು ತುಂಬುವತನಕ ವರ್ಷಕ್ಕೊಂದು ಬರ್ತಾವು ಎಂದು ಅದರಲ್ಲಿತ್ತು. ಒಟ್ಟು ಹದಿನೆಂಟು. ಮೌನೇಶನಿಗೆ ಬಂದ ಕೊನೆಯ ಪತ್ರ ನೌಕೆ ಸುಮ್ಮನಾಗುವ ಮೂರು ದಿನ ಮೊದಲಿನದು. ಅದೊಂದು ಯಾದಿ. ಹವಳಾಗೆ ಇನ್ನೊಂದು ಲಸಿಕೆ ಬಾಕಿ ಇದೆ, ನೀರಿನ ಟಾಕಿ ತೊಳೆಸಬೇಕು, ಅಟ್ಟದ ಮೇಲಿನ ಟ್ರಂಕಿನಲ್ಲಿ ಸ್ವೆಟರುಗಳಿವೆ, ನಮ್ಮವ್ವನ ಔಷಧದ ಚೀಟಿ ದೇವರ ಫೋಟೋದ ಹಿಂದೆ ಇದೆ. ಹದಿನಾಲ್ಕು ಸಾಲು. ಸಾಯುವವಳು ಗಂಡನಿಗೆ ಬರೆದದ್ದು ಇಷ್ಟೇ. ಆ ಪತ್ರದಲ್ಲಿ ಮಾತ್ರ ‘ಊತ ಆತ್ರಿ’ ಇರಲಿಲ್ಲ.

ಮೌನೇಶ ಆ ಯಾದಿಯ ಪ್ರಕಾರ ಎಲ್ಲ ಮಾಡಿದ. ಲಸಿಕೆ ಹಾಕಿಸಿದ, ಟಾಕಿ ತೊಳೆಸಿದ, ಅತ್ತೆಯನ್ನು ಕೊನೆಯವರೆಗೆ ನೋಡಿಕೊಂಡ. ಮಗಳಿಗೆ ಪ್ರತಿ ವರ್ಷ ಪತ್ರ ಬಂದಾಗ ಅವಳ ಜೊತೆ ಕೂತು ಓದಿದ, ನಕ್ಕ. ಆಮೇಲೆ ಹಿತ್ತಲಿಗೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದ. ಸಂಕಟಕ್ಕಿಂತ ಹೆಚ್ಚಾಗಿ ಅವನಿಗೆ ಒಂದು ಬಗೆಯ ಅವಮಾನವಾಗುತ್ತಿತ್ತು. ಮಗಳಿಗೆ ಹದಿನೆಂಟು ಪತ್ರ, ನನಗೊಂದು ಯಾದಿ. ಹೀಗೆ ಯೋಚಿಸುವುದು ತಪ್ಪೆಂದು ಗೊತ್ತಿತ್ತು, ಗೊತ್ತಿದ್ದು ಏನು ಮಾಡುವುದು? ಹತ್ತು ವರ್ಷ ಇದನ್ನು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಲಿಲ್ಲ. ಮಗಳಿಗೆ ಬರಬೇಕಾದ ಪತ್ರಗಳಿಗೆ ಮಾತ್ರ ಒಂದು ಕೂದಲೂ ಕೊಂಕಬಾರದು ಎಂದುಕೊಂಡಿದ್ದ.

ಒಂದು ತಂತ್ರಾಂಶವನ್ನು ಒಂದು ಆಪರೇಟಿಂಗ್ ಸಿಸ್ಟಮ್‌ನಿಂದ ಇನ್ನೊಂದಕ್ಕೆ ಒಗ್ಗಿಸುವುದೆಂದರೆ ಮದುವೆಯಾಗಿ ಬಂದ ಸೊಸೆಗೆ ಹೊಸ ಅಡುಗೆಮನೆ ಕಲಿಸಿದ ಹಾಗೆ. ಅವಳಿಗೆ ಅಡುಗೆ ಬರುತ್ತದೆ, ಉಪ್ಪಿನ ಭರಣಿ ಎಲ್ಲಿದೆ ಎಂಬುದು ಗೊತ್ತಿಲ್ಲ. ಮುದುಕನ ಮನೆಯಲ್ಲಿ ಅಂಚೆಪ್ಪ ಯಾವ ಬಾಗಿಲಲ್ಲಿ ಬೇಕಾದರೂ ನಿಂತು ಪತ್ರ ಇಸಿದುಕೊಳ್ಳುತ್ತಿದ್ದ, ಮಗ್ಗದಲ್ಲಿ ಪ್ರತಿ ಬಾಗಿಲಿಗೂ ಅನುಮತಿ ಕೇಳಬೇಕು. ಸಾಲು ಎಲ್ಲಿ ಮುಗಿಯಿತು ಎಂದು ತೋರಿಸುವ ಗುರುತು ಅಲ್ಲಿ ಒಂದು, ಇಲ್ಲಿ ಇನ್ನೊಂದು. ಏಳು ತಿಂಗಳು ಮೌನೇಶ ಅಂಚೆಪ್ಪನ ಜೊತೆ ಮಲ್ಲಾಡಿದ. ಅಂಚೆಪ್ಪ ಮೊದಲು ಏಳಲೇ ಇಲ್ಲ, ಎದ್ದ ಮೇಲೆ ಬಿದ್ದ, ಬಿದ್ದು ಎದ್ದು ಕೊನೆಗೆ ನಡೆದ. ಸುಳ್ಳುಪಳ್ಳು ಪತ್ರಗಳನ್ನು ಹಾಕಿ ಮೂರು ಸಲ ಪರೀಕ್ಷೆ ಮಾಡಿದರು. ಎಲ್ಲ ಸರಿ ಬಂದವು. ಅವಕ್ಕೆಲ್ಲ ಪರೀಕ್ಷೆಗೆಂದು ಒಂದು, ಎರಡು, ಮೂರು ಎಂದು ಅಂಕೆಗಳನ್ನೇ ಹೆಸರಾಗಿ ಇಟ್ಟಿದ್ದರು. ತಪ್ಪು ಮೊದಲು ಹುಟ್ಟಿದ್ದು ಅಲ್ಲಿ, ಆಗ ಯಾರಿಗೂ ಹೊಳೆಯಲಿಲ್ಲ.

ನಿಜವಾದ ಪತ್ರಗಳಿಗೆ ಅಂಚೆಪ್ಪ ಇಡುತ್ತಿದ್ದ ಹೆಸರೇ ಬೇರೆ. ಪತ್ರ ಬರೆದು ಮುಗಿಸಿದ ಸೆಕೆಂಡನ್ನು ಹಿಡಿದು, ಅದನ್ನು ಚಿಕ್ಕದಾಗಿ ಹೇಳಲು ಹತ್ತು ಅಂಕೆ, ಇಂಗ್ಲಿಷಿನ ಇಪ್ಪತ್ತಾರು ದೊಡ್ಡಕ್ಷರ, ಆಮೇಲೆ ಇಪ್ಪತ್ತಾರು ಚಿಕ್ಕಕ್ಷರ, ಹೀಗೆ ಅರವತ್ತೆರಡು ಗುರುತುಗಳನ್ನು ಜೋಡಿಸಿ ಹೆಸರು ಮಾಡುತ್ತಿದ್ದ. ಮೌನೇಶನಿಗೆ ಇದು ಇಪ್ಪತ್ತು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದದ್ದು ಬೇಕಾದ ಹೊತ್ತಿಗೆ ನೆನಪಾಗಬೇಕಲ್ಲ.

ಸಾಗಿಸುವ ದಿನ ಬೆಳಿಗ್ಗೆ ಅವನು ಮಗ್ಗದ ಮುಂದೆ ಕೂತಾಗ ಅಕ್ಷರಗಳು ಸಣ್ಣಗೆ ಕಂಡವು. ಕನ್ನಡಕ ಒರೆಸಿಕೊಂಡ, ಆದರೂ ಕಾಣಲಿಲ್ಲ. ಅಕ್ಷರ ದೊಡ್ಡದು ಮಾಡಿಕೊಂಡ. ಇನ್ನೂ ಸ್ವಲ್ಪ ದೊಡ್ಡದು ಮಾಡಲೇ ಎಂದು ಮಗ್ಗ ಕೇಳಿತು, ಮಾಡು ಎಂದ. ಹತ್ತು ನಿಮಿಷದ ಮೇಲೆ, ಸಾಗಾಟಕ್ಕೆ ಮೊದಲಿನ ಪ್ರಶ್ನೆಗಳು ಸಾಲಾಗಿ ಬಂದವು. ಎಂಟನೆಯ ಪ್ರಶ್ನೆ ಹೀಗಿತ್ತು: ‘ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಬೇರೆ ಬೇರೆ ಎಂದು ಎಣಿಸಬೇಕೇ?’

ಇಂಗ್ಲಿಷಿನಲ್ಲಿ ಕೇಳಿದ್ದರೆ ಮೌನೇಶನ ಬೆರಳು ತಡೆದು ನಿಲ್ಲುತ್ತಿತ್ತು. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ಅ ಎಂದರೆ ಅ, ಗೋಡೆಯ ಮೇಲೆ ಬರೆದರೂ ಅಕ್ಕಿಕಾಳಿನ ಮೇಲೆ ಬರೆದರೂ ಅದೇ. ಇದು ಮತ್ತೆ ತನ್ನ ಮಂಜುಗಣ್ಣಿನ ವಿಚಾರವೇ ಕೇಳುತ್ತಿದೆ ಎಂದುಕೊಂಡು ಅವನು ‘ಬೇಡ’ ಒತ್ತಿದ. ದೊಡ್ಡಕ್ಷರದ ಕೀಲಿ ಮುರಿದರೆ ಏನಾಗುತ್ತದೆ ಎಂದು ಇಡೀ ಗದಗದಲ್ಲಿ ಚೆನ್ನಾಗಿ ಗೊತ್ತಿದ್ದದ್ದು ಅವನ ಮನೆಗೇ. ಆದರೂ ಒತ್ತಿದ.

ಪತ್ರಗಳು ಒಂದೊಂದಾಗಿ ಹೊರಟವು. ನಿಯಮದ ಪ್ರಕಾರ ಒಂದು ಪತ್ರ ಮಗ್ಗಕ್ಕೆ ಮುಟ್ಟಿದ ಕೂಡಲೇ ಮುದುಕನ ಬಳಿ ಅದರ ಗುರುತೂ ಉಳಿಯದ ಹಾಗೆ ಅಳಿಸಿಹೋಗುತ್ತಿತ್ತು. ನದಾಫರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಹನ್ನೆರಡೂವರೆಗೆ ಕೆಲಸ ಮುಗಿಯಿತು. ಪರದೆಯ ಮೇಲೆ ಲೆಕ್ಕ ಬಂತು. ಹೊರಟ ಪತ್ರ ಆರುನೂರಾ ನಾಲ್ಕು. ಮುಟ್ಟಿದ ಪತ್ರ ಆರುನೂರಾ ಮೂರು.

ಮೌನೇಶ ಲೆಕ್ಕವನ್ನು ಮತ್ತೊಮ್ಮೆ ಓದಿದ. ಆರುನೂರಾ ನಾಲ್ಕರಲ್ಲಿ ಒಂದು ಹೋಗಿದ್ದರೆ ಅದು ಹವಳಾಳದೇ ಇರಬೇಕೆಂದು ಅವನಿಗೆ ಯಾಕೋ ಖಾತ್ರಿಯಾಗಿಬಿಟ್ಟಿತು. ಹತ್ತು ದಿನಕ್ಕೆ ಅವಳ ಹದಿನೆಂಟನೆಯ ಹುಟ್ಟುಹಬ್ಬ. ಬೆಳಿಗ್ಗೆ ಏಳೂ ಹತ್ತಕ್ಕೆ ಅವಳು ಪತ್ರಕ್ಕಾಗಿ ಕೂತಿರುತ್ತಾಳೆ. ಪತ್ರ ಬರುವುದಿಲ್ಲ. ಯಾರು ಕಳೆದರು ಎಂದರೆ ಏನು ಹೇಳುವುದು?

ಒಂದು ಪತ್ರ ನಾಶವಾದರೆ ಅದರ ಲಕೋಟೆಯ ಮೇಲಿದ್ದುದನ್ನಷ್ಟು ಬಹಿರಂಗ ಮಾಡಿ ನೋಟೀಸು ಹೊರಡಿಸಬೇಕೆಂಬ ನಿಯಮವಿತ್ತು. ಅದು ಬರಲು ನಾಲ್ಕು ನಿಮಿಷ ಹಿಡಿಯಿತು. ನದಾಫರು ತಮ್ಮ ಪಾಡಿಗೆ ತುಟಿ ಅಲ್ಲಾಡಿಸುತ್ತ ದುವಾ ಮಾಡಿದರು. ನೋಟೀಸು ಬಂತು. ಮೌನೇಶನಿಗೆ ನೋಡುವ ಧೈರ್ಯವಾಗಲಿಲ್ಲ, ನದಾಫರೇ ಓದಿದರು.

“ಹವಳಾಂದಲ್ಲೊ ಮಾರಾಯ,” ಎಂದರು ಅವರು. “ಆಕೀವು ಎಂಟೂ ಸುರಕ್ಷಿತ ಅದಾವ.”

ಮೌನೇಶ ಮುಖ ಮುಚ್ಚಿಕೊಂಡು ದೀರ್ಘವಾಗಿ ಉಸಿರು ಬಿಟ್ಟ. ಹತ್ತು ವರ್ಷದ ಭಾರ ಇಳಿದ ಹಾಗಾಯಿತು. ಯಾರದೋ ಪಾಪ, ಅವರ ಮನೆಗೆ ಹೋಗಿ ಕಾಲು ಹಿಡಿದಾದರೂ ಕ್ಷಮೆ ಕೇಳಬೇಕು ಎಂದುಕೊಂಡ. ಯಾರ ಪತ್ರ ಎಂದು ಕೇಳಿದ. ನದಾಫರು ಪರದೆಯನ್ನು ಅವನ ಕಡೆ ತಿರುಗಿಸಿದರು.

ನಕಲು ಪತ್ರ ಎಂದು ನಾಶಪಡಿಸಲಾಗಿದೆ. ಇವರಿಂದ: ಕಸ್ತೂರಿ ಬಡಿಗೇರ. ಇವರಿಗೆ: ಮೌನೇಶ ಬಡಿಗೇರ. ಮುಟ್ಟಬೇಕಾದ ಹೊತ್ತು: ಮಧ್ಯಾಹ್ನ ಒಂದೂ ನಲವತ್ತು. ಗಾತ್ರ: ಹನ್ನೊಂದು ಒತ್ತು. ಮುಟ್ಟಬೇಕಾದ ದಿನ ಏಳು ವರ್ಷದಾಚೆಯದು. ಹವಳಾಗೆ ಇಪ್ಪತ್ತೈದು ತುಂಬಿದ ಮರುದಿನ.

ಆಗಿದ್ದು ಇಷ್ಟೇ. ಕಸ್ತೂರಿ ಮಗಳಿಗೆ ಬರೆದ ಕೊನೆಯ ಪತ್ರ, ಅವನಿಗೆ ಬರೆದ ಈ ಪತ್ರ, ಇವೆರಡರ ಹೆಸರಿನಲ್ಲಿ ಎಲ್ಲ ಅಕ್ಷರಗಳೂ ಒಂದೇ ಇದ್ದವು, ಕೊನೆಯದು ಮಾತ್ರ ಒಂದರಲ್ಲಿ ದೊಡ್ಡದು, ಇನ್ನೊಂದರಲ್ಲಿ ಅದೇ ಅಕ್ಷರ ಚಿಕ್ಕದು. ಭೇದ ಎಣಿಸಬೇಡ ಎಂದು ಮೌನೇಶ ಹೇಳಿದ್ದನಲ್ಲ, ಮಗ್ಗ ಎಣಿಸಲಿಲ್ಲ. ಮುಚ್ಚಿದ ಪತ್ರದೊಳಗೆ ಇಣುಕಿ ಹೋಲಿಸುವಂತೆಯೂ ಇರಲಿಲ್ಲ. ಹೆಸರು ಒಂದೇ ಆದರೆ ಪತ್ರವೂ ಒಂದೇ, ಎರಡನೆಯದು ನಕಲು, ನಕಲು ಇರಕೂಡದು. ಯಂತ್ರದ್ದೇನೂ ತಪ್ಪಿಲ್ಲ, ಅದು ನಿಯಮ ಪಾಲಿಸಿತು.

ಹಾಗೆ ಒಂದಕ್ಕೊಂದು ಜೋಡಿಯಾಗುವ ಹೆಸರುಗಳ ನಡುವೆ ಇರುವ ಅಂತರ ಇಪ್ಪತ್ತಾರು ಸೆಕೆಂಡು. ಮೌನೇಶನಿಗೆ ಅದನ್ನು ಲೆಕ್ಕ ಹಾಕಲು ಕಾಗದವೇ ಬೇಕಾಗಲಿಲ್ಲ. ಮಗಳ ಕೊನೆಯ ಪತ್ರ ಮುಗಿಸಿ, ಇಪ್ಪತ್ತಾರು ಸೆಕೆಂಡಿನಲ್ಲಿ ಕಸ್ತೂರಿ ಅವನಿಗೊಂದು ಪತ್ರ ಬರೆದು ಮುಗಿಸಿದ್ದಳು.

ನದಾಫರು ಆ ದಿನ ಮಾಡದ ಪ್ರಯತ್ನವಿಲ್ಲ. ಮುದುಕನ ಡಿಸ್ಕುಗಳನ್ನು ಮತ್ತೆ ಮತ್ತೆ ಕೆದಕಿದರು. ನಾಲ್ಕು ಕಡೆ ಫೋನು ಮಾಡಿದರು. ಅಳಿಸಿದ್ದನ್ನು ಯಾರೂ ಮರಳಿ ತರಬಾರದು ಎಂದೇ ಕಟ್ಟಿದ ವ್ಯವಸ್ಥೆಯಲ್ಲಿ ಅಳಿಸಿದ್ದು ಮರಳಿ ಬರುವುದುಂಟೇ? ಕೊನೆಗೆ ಅವರು ಮೌನೇಶನ ಹೆಗಲ ಮೇಲೆ ಕೈಯಿಟ್ಟು, ಆ ಪ್ರಶ್ನಿಗೆ ನಾನೂ ಬ್ಯಾಡ ಅಂತನ ಒತ್ತತಿದ್ನಪಾ, ಎಂದರು. ಸಮಾಧಾನಕ್ಕೆ ಹೇಳಿದ ಮಾತಾದರೂ ನಿಜವೇ. ಮೌನೇಶ ತಲೆಯಾಡಿಸಿದ. ಗಂಟೆ ಒಂದೂ ನಲವತ್ತು ದಾಟಿತ್ತು. ಅವನು ಡಬ್ಬಿ ಬಿಚ್ಚದೆ ಹಾಗೇ ಚೀಲಕ್ಕೆ ಹಾಕಿಕೊಂಡ.

ಅವತ್ತಿನಿಂದ ಡಬ್ಬಿ ಹೋದ ಹಾಗೇ ಮನೆಗೆ ಬರತೊಡಗಿತು. ಎರಡು ರೊಟ್ಟಿ, ಒಂದಿಷ್ಟು ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಎಲ್ಲ ಹಾಗೇ. ಮೌನೇಶ ಬೇಕೆಂದು ಉಪವಾಸ ಮಾಡುತ್ತಿರಲಿಲ್ಲ. ಮಧ್ಯಾಹ್ನ ಆ ಹೊತ್ತಿಗೆ ಡಬ್ಬಿ ಬಿಚ್ಚಲು ಕೈ ಹೋಗುತ್ತಿರಲಿಲ್ಲ. ಹತ್ತು ವರ್ಷ, ಹೆಂಡತಿ ಹೋಗುವಾಗ ತನಗೆಂದು ಏನೂ ಬರೆಯಲಿಲ್ಲ ಎಂದು ಕೊರಗಿದ, ಆ ಕೊರಗಿಗೊಂದು ಹದ ಬಂದಿತ್ತು, ಅದರ ಜೊತೆ ಬಾಳುವುದು ಅಭ್ಯಾಸವಾಗಿತ್ತು. ಈಗ ಅದನ್ನೂ ಕಳೆದುಕೊಂಡ. ಅವಳು ಬರೆದಿದ್ದಳು. ಏಳು ವರ್ಷ ತಾಳಿದ್ದರೆ ತಾನಾಗಿ ಬಂದು ಮುಟ್ಟುತ್ತಿತ್ತು. ಒಂದೇ ಒಂದು ಸಲ ‘ಬೇಡ’ ಎಂದು ತಾನೇ ಅದನ್ನು ಕೊಂದ.

ಹವಳಾ ಐದು ದಿನ ನೋಡಿದಳು. ಆರನೆಯ ದಿನ ಡಬ್ಬಿ ತೊಳೆಯುತ್ತ ಯಾಕೆ ಉಣ್ಣುವುದಿಲ್ಲ ಎಂದು ಕೇಳಿದಳು. ಹಸಿವಿಲ್ಲ ಎಂದ. ಮಗ್ಗ ಸರಿಯಾಗಿ ಕೂತಿತೇ ಎಂದು ಕೇಳಿದಳು. ಕೂತಿದೆ, ನಿನ್ನ ಪತ್ರ ಬರುತ್ತದೆ, ಚಿಂತೆ ಮಾಡಬೇಡ ಎಂದ. ಅದೊಂದು ಮಾತನ್ನು ಅವನು ಧೈರ್ಯವಾಗಿ ಹೇಳಿದ.

ಪತ್ರ ಬಂತು. ಭಾನುವಾರ ಬೆಳಿಗ್ಗೆ ಏಳೂ ಹತ್ತಕ್ಕೆ, ಒಂದು ಸೆಕೆಂಡು ಹಿಂದುಮುಂದಾಗದೆ. ಹವಳಾ ಮಾತ್ರ ಅದನ್ನು ತೆರೆಯಲಿಲ್ಲ. ಅಪ್ಪ ಊಟ ಮಾಡುವಾಗ ಓದುತ್ತೇನೆ, ಉಂಡರೆ ಮಾತ್ರ ಓದುತ್ತೇನೆ ಎಂದು ಹಟ ಹಿಡಿದಳು. ಹದಿನೆಂಟು ತುಂಬಿದ ದಿನವೂ ಹಟ ಮಾಡುವುದು ಬಿಡಲಿಲ್ಲ ಎಂದು ಬಸಕ್ಕ ಬೈದು, ಹೋಳಿಗೆ ಕೊಟ್ಟು ಹೋದಳು. ಮಧ್ಯಾಹ್ನ ಇಬ್ಬರೂ ಅಡುಗೆಮನೆಯಲ್ಲಿ ಕೂತರು. ಹವಳಾ ಓದತೊಡಗಿದಳು.

“ಹವಲಾ, ಹದಿನೆಂತು ತುಂಬಿತಲ್ಲ. ಇನ್ನ ನಿನಗ ಬುದ್ಧಿ ಹೇಲೂ ಹಂಗಿಲ್ಲ.” ಇಲ್ಲಿ ಇಬ್ಬರೂ ನಕ್ಕರು. ಈ ಒಂದು ಪದಕ್ಕೆ ವರ್ಷ ವರ್ಷವೂ ನಗುತ್ತಿದ್ದರು. ಕಾಲೇಜಿನ ಮಾತು ಬಂತು, ತಲೆಗೆ ಎಣ್ಣೆ ಹಚ್ಚಿಕೊಳ್ಳುವ ಮಾತು ಬಂತು. ಆಮೇಲೆ ಕೊನೆಯಲ್ಲಿ ಹೀಗಿತ್ತು: “ನಿಮ್ಮಪ್ಪಗ ಒಂದು ಪತ್ರ ಬರೀಬೇಕಂತ ದಿನಾ ಕೂದ್ತೇನಿ. ಏನ್ ಬರೀಲಿ ತಿಲೀವಲ್ದು. ಒಂದ ತಾತಿನ್ಯಾಗ ಉಂದವರು ನಾವು, ಅವರ ಮುಂದ ದೊದ್ದ ಮಾತು ನನಗ ಬರೂದಿಲ್ಲ. ನಿನ್ನವೆಲ್ಲಾ ಮುಗಿಸಿ ಕದೀಕ ಬರೀತೇನಿ. ನಿನಗ ಪತ್ರ ಬರೂದು ನಿಂತ ಮರುದಿನ ಮನಿ ಬಿಕೋ ಅಂತದ, ಅವತ್ತ ಅವರಿಗೆ ಮುತ್ತಲಿ. ಈಗ ಹೇಲಬ್ಯಾದ.”

ಹವಳಾ ತಲೆ ಎತ್ತಿದಳು. ಅವಳ ಮುಖದಲ್ಲಿ ಸಂತೋಷವಿತ್ತು. ಈಗ ಹೇಳಬೇಡ ಎಂದಿದ್ದನ್ನು ಓದಿಬಿಟ್ಟೆನಲ್ಲ ಎಂದು ನಾಲಿಗೆ ಕಚ್ಚಿಕೊಂಡಳು. ಆಮೇಲೆ ಅಪ್ಪನ ಕೈ ತಾಟಿನ ಮೇಲೆ ಹಾಗೇ ನಿಂತಿರುವುದನ್ನು ನೋಡಿದಳು.

ಆಗ ಮೌನೇಶ ಎಲ್ಲ ಹೇಳಿದ. ಮಂಜುಗಣ್ಣು, ಎಂಟನೆಯ ಪ್ರಶ್ನೆ, ಬೇಡ ಎಂದದ್ದು, ಇಪ್ಪತ್ತಾರು ಸೆಕೆಂಡು. ನೋಟೀಸಿನಲ್ಲಿದ್ದುದನ್ನು ಒಂದಕ್ಷರ ಬಿಡದೆ ಬಾಯಿಪಾಠ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ಒಡೆಯಿತು, ಮಗಳ ಮುಂದೆ ಮೊದಲ ಸಲ ಅತ್ತ. ಹತ್ತು ವರ್ಷ ನಿಮ್ಮವ್ವನ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ ಎಂಬುದನ್ನೂ ಹೇಳಿಬಿಟ್ಟ.

ಸಮಾಧಾನದ ಮಾತು ಹವಳಾಗೂ ಬರುತ್ತಿರಲಿಲ್ಲ, ಅಪ್ಪನ ಮಗಳು. ಕೊನೆಗೆ ಒತ್ತು ಎಂದರೇನು ಎಂದು ಕೇಳಿದಳು. ಕೀಲಿಮಣೆಯ ಮೇಲೆ ಎಷ್ಟು ಸಲ ಬೆರಳು ಬಿತ್ತು ಎಂಬ ಲೆಕ್ಕ, ಪದಗಳ ನಡುವಿನ ಖಾಲಿ ಜಾಗವೂ ಒಂದು ಒತ್ತೇ ಎಂದು ಅವನು ವಿವರಿಸಿದ. ಕೆಲಸದ ಮಾತು ಬಂದಾಗ ಅವನ ದನಿ ಸ್ವಲ್ಪ ಗಟ್ಟಿಯಾಯಿತು. ದೀರ್ಘ ಬೇಕಾದರೆ ಸ್ವರವನ್ನು ಎರಡು ಸಲ ಒತ್ತಬೇಕು, ಬರೀ ತ್ ಒಂದು ಒತ್ತು, ತ ಎಂದರೆ ಎರಡು.

ಹವಳಾ ಅಪ್ಪನ ಎಡಗೈ ಎಳೆದುಕೊಂಡಳು. ಸಣ್ಣವಳಿದ್ದಾಗ ಮಗ್ಗಿ ಎಣಿಸುತ್ತಿದ್ದ ಹಾಗೆ ಅವನ ಬೆರಳುಗಳ ಗೆರೆ ಹಿಡಿದು ಎಣಿಸತೊಡಗಿದಳು.

“ಊ, ಎರಡು. ತ, ಎರಡು. ನಡುವಿನ ಜಾಗಾ ಒಂದು. ಆ, ಎರಡು. ತ್, ಒಂದು. ರಿ, ಎರಡು.” ಅಲ್ಲಿ ನಿಂತಳು. ಹತ್ತು ಆಗಿತ್ತು. ಹನ್ನೊಂದನೆಯ ಗೆರೆಯ ಮೇಲೆ ಬೆರಳಿಟ್ಟು, ನಿಧಾನವಾಗಿ, “ಕೇಳೂ ಚಿಹ್ನೆ ಒಂದು,” ಎಂದಳು.

ಮೌನೇಶ ಅವಳ ಮುಖ ನೋಡಿದ. ಅವನು ಇಡೀ ಜೀವಮಾನ ಯಂತ್ರಗಳ ಜೊತೆ ಕಳೆದವನು, ಪುರಾವೆ ಇಲ್ಲದೆ ಏನನ್ನೂ ನಂಬಿದವನಲ್ಲ. ಹನ್ನೊಂದು ಒತ್ತಿನ ಮಾತು ಸಾವಿರ ಇದಾವವಾ, ಏನರ ಇರಬಹುದು, ಎಂದ.

“ಇರಲಿ,” ಎಂದಳು ಹವಳಾ. “ಒಂದೂ ನಲವತ್ತಕ್ಕ ಕೇಳೂ ಮಾತು ಎಷ್ಟದಾವಪಾ?”

ಯಾದಿಯ ಪತ್ರದಲ್ಲಿ ಆ ಮಾತು ಯಾಕೆ ಇರಲಿಲ್ಲ ಎಂಬುದು ಅವನಿಗೆ ಈಗ ಹೊಳೆಯಿತು. ಕಸ್ತೂರಿ ಅದನ್ನು ಮರೆತಿರಲಿಲ್ಲ, ಎತ್ತಿಟ್ಟಿದ್ದಳು. ಗೋಡೆಯ ಗಡಿಯಾರ ಎರಡರ ಹತ್ತಿರ ಬಂದಿತ್ತು. ಕೇಳಬೇಕಾದ ಹೊತ್ತು ದಾಟಿ ಹತ್ತು ನಿಮಿಷವೋ ಹತ್ತು ವರ್ಷವೋ ಆಗಿಹೋಗಿತ್ತು. ತಾಟಿನಲ್ಲಿದ್ದ ಹೋಳಿಗೆ ಆರಿತ್ತು.

“ಇಲ್ಲ,” ಎಂದ ಮೌನೇಶ. “ಇನ್ನೂ ಆಗಿಲ್ಲ.”

ಅದು ಹವಳಾಗೆ ಹೇಳಿದ್ದಲ್ಲ. ಅವಳಿಗೂ ಅದು ಗೊತ್ತಿತ್ತು. ಎದ್ದು ಹೋಗಿ, ಆರಿದ್ದನ್ನು ತೆಗೆದು, ಇನ್ನೊಂದು ಹೋಳಿಗೆಯನ್ನು ಹಂಚಿನ ಮೇಲೆ ಬಿಸಿ ಮಾಡಿ ಅವನ ತಾಟಿಗೆ ಹಾಕಿದಳು.